ಒಪ್ಪಿಗೆ ಕೊಟ್ಟವನೇ ತಡೆದ ಚಾನೆಲ್

"ನನ್ನ ವಿಡಿಯೋಗಳನ್ನ ಮುಚ್ಚಿಸಿರೋದು ನೀವೇನಾ?"

ಕಂಪ್ಯೂಟರ್ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದವಳ ದನಿಗೆ ಮೇಜಿನ ಕೆಳಗೆ ವೈರು ಜೋಡಿಸುತ್ತಿದ್ದವನು ಗಾಬರಿಯಾಗಿ ಎದ್ದ. ತಲೆ ಮೇಜಿನ ಅಂಚಿಗೆ ಠಣ್ಣನೆ ಬಡಿಯಿತು. ಪಕ್ಕದಲ್ಲಿ ಝೆರಾಕ್ಸ್ ತೆಗೆಯುತ್ತಿದ್ದ ಅವನ ಅಕ್ಕ ಹಾಳೆ ಹಿಡಿದುಕೊಂಡೇ ತಿರುಗಿ ನೋಡಿದಳು.

ಅವನು ನೆತ್ತಿ ಉಜ್ಜಿಕೊಳ್ಳುತ್ತಾ ಇವಳ ಮುಖ ನೋಡಿದ. ಇವಳೂ ನೋಡಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬೈಗುಳದಲ್ಲಿ ಅರ್ಧ ಅಲ್ಲೇ ಮರೆತುಹೋಯಿತು. ಅಯ್ಯೋ, ಜಗಳಕ್ಕೆ ಬಂದವಳು ನಾನು, ಪಾಪ ಅನ್ನಿಸ್ತಿರೋದು ಯಾಕೆ...?

ಅವನನ್ನು ಸುತ್ತಲಿನ ಬೀದಿಗಳಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಜರಡಿ ಸರ್ ಎಂದು. ಮಕ್ಕಳಿರುವ ಮನೆಗಳಿಗೆ ಹೋಗಿ, ಕಂಪ್ಯೂಟರಿನಲ್ಲಿ ವಿಡಿಯೋ ತಾಣ ತೆರೆದು, ಏನು ಕಾಣಬೇಕು ಏನು ಕಾಣಬಾರದು ಎಂದು ಫಿಲ್ಟರ್ ಹಾಕಿ ಕೊಡುವುದು ಅವನ ಕೆಲಸ. ಅವಳು ಹೊಲಿಗೆ ಟೀಚರ್. ಅದೇ ತಾಣದಲ್ಲಿ ಅವಳದೊಂದು ಚಾನೆಲ್ ಇತ್ತು. ಮನೆ ಬಿಟ್ಟು ಹೊರಗೆ ಬರಲಾಗದ ಹೆಂಗಸರು ಅವಳ ಪಾಠ ನೋಡಿ ಫ್ರಾಕು, ಬ್ಲೌಸು ಹೊಲಿಯುವುದನ್ನು ಕಲಿಯುತ್ತಿದ್ದರು.

ಅವನು ಫಿಲ್ಟರ್ ಹಾಕಿಕೊಟ್ಟಿದ್ದ ಒಂದು ಮನೆಯಲ್ಲಿ ಸೊಸೆ ಅವಳ ಪಾಠ ಹುಡುಕಿದಾಗ ಪರದೆ ಮೇಲೆ ಬಂದದ್ದು: 'ಈ ವಿಡಿಯೋ ಕುಟುಂಬಕ್ಕೆ ಸೂಕ್ತವಲ್ಲ.' ಹಿಂದೆ ನಿಂತಿದ್ದ ಅತ್ತೆ ಅದನ್ನು ಓದಿದಳು. ಅಷ್ಟು ಸಾಕಲ್ಲ! ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಬೀದಿ ಮಾತಾಡಿಕೊಂಡಿತು. ಕಲಿಯುವವರು ಒಬ್ಬೊಬ್ಬರಾಗಿ ಬಿಟ್ಟರು. ಮಾತು ಟೀಚರ ಅಣ್ಣನ ಕಿವಿಗೂ ಬಿತ್ತು. ಹೆಸರು ಕೆಡಿಸಿಕೊಂಡು ಪಾಠ ಮಾಡುವುದು ಬೇಡ, ಚಾನೆಲ್ಲೇ ತೆಗೆದುಹಾಕು ಎಂದು ಅವನು ಊಟದ ನಡುವೆ ಹೇಳಿ ಎದ್ದುಹೋಗಿದ್ದ.

ಅವಳಿಗೆ ಅದು ಬರೀ ಚಾನೆಲ್ ಅಲ್ಲ, ತನ್ನದು ಎನ್ನುವುದು ಇದ್ದದ್ದೇ ಅದೊಂದು.

ಜರಡಿ ಸರ್ ವಾದ ಮಾಡಲಿಲ್ಲ. ಅವಳ ಪಾಠವೊಂದನ್ನು ತೆರೆದು, ತಪ್ಪು ಎಲ್ಲಿದೆ ಎಂದು ತೋರಿಸಿದ. ಪಾಠದ ತಲೆಬರಹದಲ್ಲಿ ಎದೆ ಸುತ್ತಳತೆ ಎಂದಿತ್ತು, ಇನ್ನೊಂದರಲ್ಲಿ ತೊಡೆಯ ಅಳತೆ, ಮತ್ತೊಂದರಲ್ಲಿ ಒಳ ಉಡುಪು. ಫಿಲ್ಟರಿಗೆ ಹೊಲಿಗೆ ಗೊತ್ತಿಲ್ಲ, ಬರೀ ಪದ ಗೊತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ ಅದು.

ಮನುಷ್ಯರು ಕುಳಿತು ನೋಡಿ ಒಪ್ಪಿಗೆ ಕೊಟ್ಟ ಚಾನೆಲ್ಲನ್ನು ಮಾತ್ರ ಫಿಲ್ಟರ್ ಮುಟ್ಟುವುದಿಲ್ಲವಂತೆ. ಪ್ರತಿ ಮನೆಯಲ್ಲೂ ಒಪ್ಪಿಗೆ ಹಾಕಿಕೊಡಲು ಅವನು ತಯಾರಿದ್ದ. ಆದರೆ...

"ಪೂರ್ತಿ ನೋಡದೆ ನಾನು ಯಾವುದಕ್ಕೂ ಒಪ್ಪಿಗೆ ಕೊಡಲ್ಲ," ಎಂದ. "ಎಲ್ಲಾ ಪಾಠನೂ ನೋಡ್ತೀನಿ. ಸ್ವಲ್ಪ ಟೈಮ್ ಕೊಡಿ."

ಅವಳಿಗೆ ಸಿಟ್ಟು ಬರಬೇಕಿತ್ತು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವಾ ಎಂದು ಕೇಳಬೇಕಿತ್ತು. ಅದರ ಬದಲು ಮನೆಗೆ ಹೋಗಿ, ಹಳೆಯ ಪಾಠಗಳಲ್ಲಿ ತನ್ನ ಕೂದಲು ಸರಿಯಾಗಿತ್ತೋ ಇಲ್ಲವೋ ಎಂದು ನೋಡುತ್ತಾ ಕುಳಿತಳು. ತನಗೇನಾಗಿದೆ ಎಂದು ಅವಳಿಗೇ ಅರ್ಥವಾಗಲಿಲ್ಲ.

ಅವನು ಹೇಳಿದಂತೆಯೇ ಮಾಡಿದ. ಮುಂದಿನ ಸಲ ಅವಳು ಅಂಗಡಿಗೆ ಹೋದಾಗ, ಫ್ರಾಕಿನ ತೋಳು ಕೂಡಿಸುವಾಗ ಬಟ್ಟೆಯನ್ನು ಯಾಕೆ ಸ್ವಲ್ಪ ಸುಕ್ಕು ಮಾಡುತ್ತೀರಿ ಎಂದು ಕೇಳಿದ. ಅಷ್ಟು ಗಮನವಿಟ್ಟು ನೋಡಿದ್ದ! ಆಮೇಲೆ ಸ್ಕೂಟರ್ ಹತ್ತಿ ಮನೆಮನೆಗೂ ಹೋದ. ಇದು ಮಷೀನಿನ ತಪ್ಪು, ಟೀಚರ್ ಪಾಠದಲ್ಲಿ ಒಂದು ಕೊಂಕು ಮಾತೂ ಇಲ್ಲ, ನಾನೇ ನೋಡಿದ್ದೇನೆ ಎಂದು ಅತ್ತೆಯರ ಎದುರಲ್ಲೇ ಹೇಳಿ ಒಪ್ಪಿಗೆ ಹಾಕಿ ಬಂದ. ಬಿಟ್ಟುಹೋದ ಹೆಂಗಸರು ಮರಳಿದರು. ಅಣ್ಣ ಮತ್ತೆ ಆ ಮಾತೆತ್ತಲಿಲ್ಲ.

ಕೆಲಸ ಮುಗಿಯಿತು. ಅಂಗಡಿಗೆ ಹೋಗುವ ಅಗತ್ಯವೂ ಮುಗಿಯಿತು. ಆದರೆ ಟೀಚರ ಕಾಲು ಕೇಳಬೇಕಲ್ಲ! ಒಮ್ಮೆ ಕೀಬೋರ್ಡಿನಲ್ಲಿ ಒಂದು ಅಕ್ಷರ ಒತ್ತುತ್ತಿಲ್ಲ, ಒಮ್ಮೆ ಸ್ಪೀಕರ್ ಗೊರಗೊರ, ಮೇಲಿಂದ ಮೇಲೆ ಮೌಸ್ ಕೆಟ್ಟಿದೆ.

"ನಮ್ಮನೆ ಮೌಸ್‌ಗೆ ಇಷ್ಟೊಂದು ಕಾಯಿಲೆ ಬರೋದು ನನಗೆ ಗೊತ್ತೇ ಇರ್ಲಿಲ್ಲ," ಎಂದಳು ಮನೆಯಲ್ಲಿ ಅತ್ತಿಗೆ, ನಗು ತಡೆದುಕೊಂಡು.

ಅವನೂ ಮೊದಮೊದಲು ಮೌಸನ್ನು ಬಿಚ್ಚಿ, ಏನೂ ಆಗಿಲ್ಲದಿದ್ದರೂ ಬಹಳ ಹೊತ್ತು ಒರೆಸಿ ಕೊಡುತ್ತಿದ್ದ. ಹೊಲಿಗೆಯ ಮಾತಾಡುತ್ತಿದ್ದ. ಆಮೇಲೆ ಏನಾಯಿತೋ, ಅವಳು ಬಂದರೆ ತಲೆ ಎತ್ತುವುದನ್ನೇ ಬಿಟ್ಟ. ಹೊಸ ಪಾಠ ಹಾಕಿದ್ದೇನೆ ಎಂದರೆ ಹೌದಾ ಎಂದು ಬೇರೆ ಕಡೆ ನೋಡಿದ. ನೋಡಿದಿರಾ ಎಂದರೆ ಇಲ್ಲ ಎಂದ. ಅವಳು ಪೆಚ್ಚಾದಳು. ನಾನೇನಾದರೂ ತಪ್ಪು ಮಾತಾಡಿದೆನಾ? ಬಹಳ ಸಲುಗೆ ತೋರಿಸಿಬಿಟ್ಟೆನಾ? ಇಷ್ಟವಿದ್ದವರು ಹೀಗೆ ಮುಖ ತಿರುಗಿಸ್ತಾರಾ... ಇಷ್ಟವಿಲ್ಲದವರು ಅಷ್ಟು ಹೊತ್ತು ಮೌಸ್ ಒರೆಸ್ತಾರಾ?

ಒಂದು ಮಧ್ಯಾಹ್ನ ಅವಳು ಹೋದಾಗ ಅವನು ಯಾರದೋ ಮನೆಗೆ ಹೋಗಿದ್ದ. ಅಕ್ಕ ಕುರ್ಚಿ ಎಳೆದು ಕೂರಿಸಿ, ಹೊಸ ಕಾಲರ್ ಪಾಠ ತೋರಿಸಿ ಎಂದಳು. ಅಷ್ಟರಲ್ಲಿ ಯಾರೋ ಝೆರಾಕ್ಸಿಗೆ ಬಂದರು, ಅಕ್ಕ ಅತ್ತ ಹೋದಳು. ಟೀಚರ್ ಅವನ ಕಂಪ್ಯೂಟರಿನಲ್ಲೇ ತನ್ನ ಚಾನೆಲ್ ಹೆಸರು ಬರೆದಳು.

'ಈ ಚಾನೆಲ್ಲನ್ನು ನಿರ್ವಾಹಕರು ತಡೆದಿದ್ದಾರೆ.'

ಅವಳು ಮತ್ತೆ ಓದಿದಳು. ಸೂಕ್ತವಲ್ಲ ಎಂದು ಬಂದರೆ ಅದು ಮಷೀನಿನ ಊಹೆ. ತಡೆದಿದ್ದಾರೆ ಎಂದು ಬಂದರೆ ಯಾರೋ ಮನುಷ್ಯರು ಬೇಕೆಂದೇ ಕೈಯಾರೆ ಮುಚ್ಚಿದ್ದಾರೆ ಎಂದರ್ಥ. ಈ ವ್ಯತ್ಯಾಸ ಹೇಳಿಕೊಟ್ಟವನೇ ಅವನು. ಈ ಕಂಪ್ಯೂಟರಿನ ನಿರ್ವಾಹಕನೂ ಅವನೇ.

ಅಕ್ಕ ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ದಾರಿಯುದ್ದಕ್ಕೂ ಅವಳಿಗೆ ಕಣ್ಣು ಮಂಜು. ಊರವರ ಮನೆಗೆಲ್ಲ ಒಪ್ಪಿಗೆ, ಅವನ ಅಂಗಡಿಗೆ ಮಾತ್ರ ಬೇಡ! ಹಾಗಾದರೆ ಬೀದಿಯಲ್ಲಿ ಹೇಳಿದ ಒಳ್ಳೆಯ ಮಾತು ಬರೀ ಕರುಣೆ. ಒಳಗೊಳಗೇ ಅವನೂ ಆ ಅತ್ತೆಯ ಹಾಗೆಯೇ ಅಂದುಕೊಂಡಿದ್ದಾನೆ. ಬೇರೆ ಯಾರು ಏನೆಂದಿದ್ದರೂ ಅವಳು ಜಗಳವಾಡುತ್ತಿದ್ದಳು. ಇವನು ಎಲ್ಲವನ್ನೂ ಕೂತು ನೋಡಿದವನು. ನೋಡಿದ ಮೇಲೂ ಬೇಡ ಎಂದವನು.

ಮನೆಗೆ ಬಂದವಳೇ ಕಂಪ್ಯೂಟರ್ ಹಚ್ಚಿದಳು. ಚಾನೆಲ್ ಅಳಿಸುವ ಗುಂಡಿ ಒತ್ತಿದಳು. ಖಚಿತವೇ ಎಂದು ತಾಣ ಕೇಳಿತು. ಅವಳ ಕೈ ಹೌದು ಎನ್ನುವತ್ತ ಮೌಸ್ ಸರಿಸಿತು. ಅತ್ತಿಗೆ ಬಂದು ಆ ಕೈ ಹಿಡಿದುಕೊಂಡಳು, ವಿಷಯವನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದಳು.

"ಅಳತೆ ತಗೊಳ್ಳದೆ ಬಟ್ಟೆಗೆ ಕತ್ತರಿ ಹಾಕ್ತೀಯೇನೆ? ಅವರನ್ನ ಒಂದು ಮಾತು ಕೇಳು."

"ಕೇಳೋಕೆ ಏನಿದೆ ಅತ್ತಿಗೆ..."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಬಾಗಿಲು ತೆರೆದದ್ದು, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಣ್ಣ. ಅಂಗಡಿಯಲ್ಲಿ ಅಕ್ಕ, ಟೀಚರ್ ಹೇಳದೆ ಎದ್ದುಹೋದಳು, ಪರದೆ ಮೇಲೆ ಹೀಗಿತ್ತು ಎಂದು ತಿಳಿಸಿದ್ದೇ ತಡ, ಜರಡಿ ಸರ್ ಹೆಲ್ಮೆಟ್ ಕೂಡ ತೆಗೆಯದೆ ಓಡಿ ಬಂದಿದ್ದ.

ಮಕ್ಕಳು ನೋಡುವ ಕಂಪ್ಯೂಟರ್ ಎಲ್ಲರ ಕಣ್ಣೆದುರು ನಡುಮನೆಯಲ್ಲೇ ಇರಬೇಕು ಎಂದು ಬೀದಿಗೆಲ್ಲ ಬುದ್ಧಿ ಹೇಳಿದವನು ಅವನೇ. ಈಗ ಅದರ ಫಲ ಉಣ್ಣಬೇಕಾಯಿತು. ನಡುಮನೆಯಲ್ಲಿ ಅಣ್ಣ, ಅತ್ತಿಗೆ, ಅವಳು. ಮರೆ ಎಂಬುದೇ ಇಲ್ಲ.

"ನಮ್ಮ ಹುಡುಗಿ ಚಾನೆಲ್ ನಿಮ್ಮ ಕಂಪ್ಯೂಟರಲ್ಲಿ ಬರಲ್ವಂತೆ," ಎಂದ ಅಣ್ಣ. ಅವನಿಗೆ ಸಿಟ್ಟು ಬಂದದ್ದು ಟೀಚರಿಗೆ ಆಶ್ಚರ್ಯ. ತಂಗಿಯ ಪರವಾಗಿ ಸಿಟ್ಟಾಗಿದ್ದ. "ಅದರಲ್ಲಿ ತಪ್ಪೇನಿದೆ?"

"ಅದರಲ್ಲಿ ಏನೂ ತಪ್ಪಿಲ್ಲ," ಎಂದ ಅವನು. "ತಪ್ಪು ನಂದು."

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸಿದ.

"ಒಪ್ಪಿಗೆ ಕೊಡೋಕೆ ಅಂತ ಎಲ್ಲಾ ಪಾಠ ನೋಡ್ದೆ. ಅಲ್ಲಿಗೆ ನನ್ನ ಕೆಲಸ ಮುಗೀತು. ಆದ್ರೆ ಮಾರನೇ ದಿನ ಮತ್ತೆ ಮೊದಲಿಂದ ನೋಡ್ತಾ ಕೂತೆ. ಅದರ ಮಾರನೇ ದಿನವೂ. ಹೊಲಿಗೆ ಕಲಿಯೋಕೆ ಅಲ್ಲ..."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗಿರಾಕಿ ಮನೇಲಿ ಪಾಸ್‌ವರ್ಡ್ ಹಾಕೋ ಕಡೆ ಫ್ರಾಕು ಅಂತ ಬರೆದೆ. ಅದು ಹೋಗ್ಲಿ. ಇವ್ರು ಆ ವಿಡಿಯೋ ಮಾಡಿರೋದು ಕಲಿಯೋರಿಗೆ. ನಾನು ಇವ್ರಿಗೆ ಗೊತ್ತಿಲ್ದೆ ಇವ್ರ ಮುಖ ನೋಡ್ತಾ ಕೂರೋದು ಸರಿ ಅನ್ನಿಸ್ಲಿಲ್ಲ. ಎದುರಿಗೆ ಬಂದ್ರೆ ಕಣ್ಣು ಕೊಟ್ಟು ಮಾತಾಡೋಕೂ ನಾಚಿಕೆ ಆಯ್ತು. ಅದಕ್ಕೆ ನಾನೇ ತಡೆದೆ. ನಾನೇ ತೆಗೀಬಾರ್ದು ಅಂತ ಪಿನ್ ಅಕ್ಕನ ಕೈಲಿ ಹಾಕಿಸಿದೀನಿ, ಯಾವುದಕ್ಕೆ ಅಂತ ಅವಳಿಗೂ ಹೇಳಿರ್ಲಿಲ್ಲ."

ಮಕ್ಕಳಿಗೆ ಹಾಕುವ ಬೀಗವನ್ನು ಈ ಗಂಡಸು ತನಗೇ ಹಾಕಿಕೊಂಡಿದ್ದ! ಟೀಚರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಇಷ್ಟು ದಿನ ತಲೆಯಲ್ಲಿ ಗೋಜಲಾಗಿದ್ದದ್ದು ಹೇಗೆ ಬಿಚ್ಚಿಕೊಂಡಿತೋ, ಎದೆ ಹಗುರವಾಯಿತು. ನನ್ನನ್ನು ಬೇಡ ಎಂದವನಲ್ಲ ಇವನು...

ಅಣ್ಣ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟ. ಹಾಲು ಉಕ್ಕುತ್ತಿದೆ ಬನ್ನಿ ಎಂದು ಅತ್ತಿಗೆ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಒಲೆಯ ಮೇಲೆ ಹಾಲು ಇರಲೇ ಇಲ್ಲ.

ಇಬ್ಬರೇ ಉಳಿದರು. ತಾಣ ಇನ್ನೂ ಖಚಿತವೇ ಎಂದು ಕೇಳುತ್ತಲೇ ಇತ್ತು. ಅವಳು ಇಲ್ಲ ಎಂದು ಒತ್ತಿದಳು.

"ನೀವು ಹೂಂ ಅಂದ್ರೆ ಅಕ್ಕನ ಹತ್ರ ಪಿನ್ ಹಾಕಿಸಿ ತಡೆ ತೆಗೆಸ್ತೀನಿ," ಎಂದ ಅವನು ಮೆಲ್ಲಗೆ.

"ಬೇಡ. ಹಾಗೇ ಇರ್ಲಿ."

ಅವನ ಮುಖ ಬಾಡಿತು. ಸರಿ ಎಂದು ಹೆಲ್ಮೆಟ್ ಎತ್ತಿಕೊಂಡ. ಅವಳು ಅದನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು.

"ನೋಡ್ಬೇಕು ಅನ್ಸಿದಾಗ ಇಲ್ಲಿಗೇ ಬನ್ನಿ."

"ನನಗೆ ದಿನಾ ಅನ್ಸುತ್ತೆ."

"ಹಾಗಾದ್ರೆ ದಿನಾ ಬನ್ನಿ," ಎಂದಳು ಅವಳು.