ನಿಂತರೆ ಕಲ್ಲಾಗುವ ಪಟ್ಟಣ

ಬಹಳ ಬಹಳ ಹಿಂದೆ, ಬೆಟ್ಟಗಳಿನ್ನೂ ಎಳೆಯವಾಗಿದ್ದ ಕಾಲದಲ್ಲಿ, ಏಳು ಕೆರೆಗಳಿದ್ದ ತುಂಬುಗೆರೆ ಎಂಬ ರಾಜ್ಯವಿತ್ತು. ಅದರ ಒಂದು ಮೂಲೆಯಲ್ಲಿ ಕಡಲೆಕೊಪ್ಪ ಎಂಬ ಹಳ್ಳಿ. ಅಲ್ಲಿ ಕೆಂಚಿ ಎಂಬ ಎಂಟು ವರ್ಷದ ಹುಡುಗಿ ತನ್ನ ಅಜ್ಜಿ ಸಿದ್ದವ್ವನ ಜೊತೆ ಇದ್ದಳು. ಅವಳಿಗೆ ಅಪ್ಪ, ಅಮ್ಮ ಎಲ್ಲ ಅಜ್ಜಿಯೇ.

ಸಿದ್ದಜ್ಜಿ ಬಲು ಒಳ್ಳೆಯವಳು. ಆದರೆ ಅವಳು ಯಾರ ಮನೆಗಾದರೂ ಹೋದರೆ ಅಲ್ಲಿಂದ ಹೊರಡುವುದೇ ಒಂದು ದೊಡ್ಡ ಕೆಲಸ. ಚಾಪೆಯ ಮೇಲೆ ಕೂತೇ ಒಮ್ಮೆ "ಬತ್ತೀನಿ ಕಣವ್ವ" ಅನ್ನುವಳು. ಎದ್ದು ನಿಂತು ಇನ್ನೊಮ್ಮೆ. ಹೊಸಿಲಿಗೆ ಬಂದು ಮತ್ತೊಮ್ಮೆ. ಪ್ರತಿ ಸಲವೂ "ಅಂದಂಗೆ, ಮರೆತೇ ಬಿಟ್ಟಿದ್ದೆ" ಎಂದು ಹೊಸ ಮಾತು ತೆಗೆಯುವಳು. ಮನೆಯವರು ಆ ಮಾತಿನ ಹಿಂದೆಯೇ ನಡೆದು ಬೀದಿಗೆ ಬಂದಿರುತ್ತಿದ್ದರು. ಒಳಗೆ ಒಲೆಯ ಮೇಲೆ ಸಾರು ಸೀದು ಹೋಗಿರುತ್ತಿತ್ತು.

ಒಂದು ದಿನ ರಾಜಧಾನಿಯಿಂದ ಸುದ್ದಿ ಬಂತು: ಕೆಂಚಿಯ ಚಿಕ್ಕಮ್ಮ ಹೆಣ್ಣು ಹೆತ್ತಿದ್ದಾಳೆ. ಅಜ್ಜಿ ಬಾಣಂತಿಗೆಂದು ಅಂಟಿನುಂಡೆ ಕಟ್ಟಿ, ಹಿತ್ತಾಳೆ ಡಬ್ಬಿ ತುಂಬಿ ಕೆಂಚಿಗೆ ಕೊಟ್ಟು, ಅವಳ ಕೈ ಹಿಡಿದು ಹೊರಟಳು. ಊರಿನ ಹನ್ನೆರಡು ಮನೆ ದಾಟುವುದಕ್ಕೆ ಅರ್ಧ ದಿನ ಹಿಡಿಯಿತು. ಏಳು ಕೆರೆ ದಾಟುವುದಕ್ಕೆ ಇನ್ನರ್ಧ ದಿನ ಸಾಕಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಸಾವಿರಬಾಗಿಲು ಎಂಬ ಆ ರಾಜಧಾನಿಯ ಹೆಬ್ಬಾಗಿಲಿಗೆ ಬಂದರು. ಅಲ್ಲಿ ಕಲ್ಲಿನ ಕಾವಲುಗಾರನೊಬ್ಬ ಬೆರಳೆತ್ತಿ, ಬಾಯಿ ತೆರೆದು ನಿಂತಿದ್ದ.

"ಎಷ್ಟು ಚೆಂದ ಕೆತ್ತವ್ರೆ ನೋಡು! ಒಳ್ಳೆ ಏನೋ ಹೇಳಕ್ಕೆ ಬಂದಂಗೈತೆ" ಎಂದು ಮೆಚ್ಚುತ್ತ ಅಜ್ಜಿ ಒಳಗೆ ನಡೆದಳು.

ಒಳಗಿನ ನೋಟಕ್ಕೆ ಕೆಂಚಿ ಕಣ್ಣರಳಿಸಿದಳು. ಮನೆಯ ತಲೆಯ ಮೇಲೆ ಮನೆ, ಅದರ ತಲೆಯ ಮೇಲೆ ಇನ್ನೊಂದು ಮನೆ. ಕೆಳಗಿನ ಮನೆಗೆ ಕತ್ತು ನೋಯುವುದಿಲ್ಲವೇ ಎಂದು ಅವಳಿಗೆ ಚಿಂತೆಯಾಯಿತು. ಅದಕ್ಕಿಂತ ವಿಚಿತ್ರವೆಂದರೆ ಬೀದಿಯಲ್ಲಿ ಎಲ್ಲರೂ ಓಡುತ್ತಿದ್ದರು. ಕ್ಷೌರಿಕ ಹಿಮ್ಮುಖವಾಗಿ ಓಡುತ್ತ, ಎದುರು ಓಡಿಬರುವವನ ಗಡ್ಡ ಬೋಳಿಸುತ್ತಿದ್ದ. ಒಂದು ಮದುವೆಯೂ ಓಡುತ್ತ ಹೋಯಿತು. ಪುರೋಹಿತರು ಏದುಸಿರು ಬಿಡುತ್ತ ಮಂತ್ರ ಹೇಳುತ್ತಿದ್ದರು. ನೆಂಟರು ಎಸೆದ ಅಕ್ಷತೆ ಮದುಮಕ್ಕಳನ್ನು ಬಿಟ್ಟು ಹಿಂದೆ ಬಂದ ಎಮ್ಮೆಯ ಮೇಲೆ ಬಿತ್ತು.

ಅಜ್ಜಿಗೆ ಚಿಕ್ಕಮ್ಮನ ಮನೆಯ ದಾರಿ ಕೇಳಬೇಕಿತ್ತು. ಹೂವಿನ ಬುಟ್ಟಿ ಹೊತ್ತು ಓಡುತ್ತಿದ್ದ ಹೆಂಗಸೊಬ್ಬಳು ಎದುರು ಬಂದಳು. ದಾರಿ ಕೇಳುವ ಮೊದಲು ಊರು ಕೇಳಬೇಕು, ಅದು ಕಡಲೆಕೊಪ್ಪದ ಮರ್ಯಾದೆ. ಅಜ್ಜಿ ನಿಂತಳು, ಗಲ್ಲದ ಮೇಲೆ ಕೈ ಇಟ್ಟಳು, "ತಾಯೀ, ನಿಂದು ಯಾವ—" ಎಂದಳು.

ಅಷ್ಟೇ. ಅಜ್ಜಿ ಕಲ್ಲಾದಳು.

ಕೆಂಚಿ ಕಲ್ಲಾಗಲಿಲ್ಲ, ಯಾಕೆಂದರೆ ಅವಳು ನಿಂತಿರಲೇ ಇಲ್ಲ. ಬೀದಿಗೆ ಕಪ್ಪು ಬಿಳಿ ಕಲ್ಲು ಹಾಸಿದ್ದರು. ಅವಳು ಬಿಳಿ ಕಲ್ಲನ್ನು ಮಾತ್ರ ತುಳಿಯುತ್ತ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದಳು.

"ಅಜ್ಜೀ!" ಎಂದು ಚೀರಿ ಕೆಂಚಿ ಅಜ್ಜಿಯ ಸುತ್ತ ಸುತ್ತಿದಳು. ಅಜ್ಜಿಯ ಕೈ ತಣ್ಣಗಿತ್ತು. ಕೆಂಚಿಗೆ ಅಳು ಉಕ್ಕಿ ಬಂತು.

"ಅಳು, ಆದ್ರೆ ನಿಲ್ಬೇಡ ಮಗಳೇ!" ಎಂದು ಆ ಹೂವಿನ ಬುಟ್ಟಿಯ ಹೆಂಗಸು, ಈರವ್ವ, ಅವಳ ಕೈ ಹಿಡಿದು ಓಡಿದಳು. "ಇದು ಮಾಂತ್ರಿಕ ದಡಬಡಯ್ಯನ ಕಟ್ಟಳೆ. ಬೀದೀಲಿ ನಿಂತೋರು ಕಲ್ಲಾಗ್ತಾರೆ. ಹೊಸಬರಿಗೆ ಹೇಳೋಕೆ ನಿಂತು ಪಾಪ ಆ ಕಾವಲಿನೋನೂ ಕಲ್ಲಾದ. ಹೊತ್ತು ಮುಳುಗೋವಾಗ ಗಾಡಿ ಬರುತ್ತೆ. ಇವತ್ತಿನ ಕಲ್ಲೆಲ್ಲ ಹೊತ್ಕೊಂಡು ಹೋಗಿ ಅವನ ಕೋಟೆ ಗೋಡೆಗೆ ಕಟ್ತಾರೆ."

"ನಮ್ಮಜ್ಜೀನ ಗೋಡೆಗಾ?" ಕೆಂಚಿ ಕಣ್ಣೊರೆಸಿಕೊಂಡಳು. "ಅವನ ಮನೆ ಎಲ್ಲಿ?"

"ಮೂರು ಬೀದಿ ದಾಟಬೇಕು. ಒಂದೊಂದರಲ್ಲೂ ಒಂದೊಂದು ಮಾಯದ ಪ್ರಾಣಿ. ಜನರನ್ನ ನಿಲ್ಸೋದೇ ಅವುಗಳ ಕೆಲ್ಸ." ಹೀಗೆನ್ನುತ್ತ ಈರವ್ವ ಮೂಲೆ ತಿರುಗಿ ಮರೆಯಾದಳು.

ಕೆಂಚಿ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದಳು.

ಮೊದಲ ಬೀದಿಯಲ್ಲಿ ಚಿನ್ನದ ಪಂಜರ, ಅದರಲ್ಲೊಂದು ಗಿಳಿ. ಅದು ಕತೆ ಹೇಳುತ್ತಿತ್ತು, ಸರಿಯಾಗಿ ರಸವತ್ತಾದ ಕಡೆ ಬಾಯಿ ಮುಚ್ಚುತ್ತಿತ್ತು. ಮುಂದೇನಾಯಿತೆಂದು ಕೇಳಲು ನಿಂತವರೆಲ್ಲ ಸಾಲಾಗಿ ಕಲ್ಲಾಗಿದ್ದರು. "ರಾಕ್ಷಸ ಬಾಗಿಲು ತೆರೆದ. ಒಳಗೆ ನೋಡುತ್ತಾನೆ..." ಎಂದು ಗಿಳಿ ಸುಮ್ಮನಾಯಿತು. ಕೆಂಚಿ ಪಂಜರದ ಸುತ್ತ ಗಿರಗಿರ ತಿರುಗುತ್ತ, "ಆಮೇಲೆ?" ಎಂದಳು. ನಿಲ್ಲದೆ ಕೇಳುವವರನ್ನು ಗಿಳಿ ಕಂಡಿರಲಿಲ್ಲ. ಗಾಬರಿಯಲ್ಲಿ ಇನ್ನೊಂದಿಷ್ಟು ಹೇಳಿತು. "ಆಮೇಲೆ?" ಎಂದಳು ಕೆಂಚಿ. ನಲವತ್ತನೆಯ "ಆಮೇಲೆ"ಗೆ ಗಿಳಿಯ ಕತೆ ಮುಗಿದು, ದನಿ ಬಿದ್ದುಹೋಯಿತು. "ಆಮೇಲೆ ನೀನು ಹೊರಡಮ್ಮ, ನಿನ್ನ ದಮ್ಮಯ್ಯ" ಎಂದು ಪಿಸುಗುಟ್ಟಿತು.

ಎರಡನೆಯ ಬೀದಿಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದು ಬಿಳಿ ಗೂಳಿ ಮಲಗಿತ್ತು. ದಾಟಲು ದಾರಿಯೇ ಇಲ್ಲ. "ಏಳಲ್ಲ" ಎಂದಿತು ಗೂಳಿ. ಕೆಂಚಿ ಅದರ ಮುಂದೆ ಕುಣಿಯುತ್ತಲೇ ಕೈ ಚಾಚಿ ಅದರ ಕತ್ತಿನಡಿ ಜೋಲುವ ಗಂಗೆದೊಗಲನ್ನು ಕೆರೆದಳು. ಗೂಳಿ ಕಣ್ಣು ಮುಚ್ಚಿತು. ಕೆಂಚಿ ಕೆರೆಯುತ್ತ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಇನ್ನೂ ಸ್ವಲ್ಪ, ಅಲ್ಲೇ, ಎಡಕ್ಕೆ" ಎನ್ನುತ್ತ ಗೂಳಿ ಎದ್ದು, ಕತ್ತು ಚಾಚಿಕೊಂಡು ಅವಳ ಹಿಂದೆಯೇ ಬಂತು. ತಾನು ಎದ್ದಿದ್ದೇನೆಂದು ಅದಕ್ಕೆ ತಿಳಿಯುವ ಹೊತ್ತಿಗೆ ಕೆಂಚಿ ಅದರ ಹೊಟ್ಟೆಯ ಕೆಳಗೆ ನುಸುಳಿ ಆಚೆ ಹೋಗಿದ್ದಳು.

ಮೂರನೆಯ ಬೀದಿಯಲ್ಲಿ ಹುಲಿ. ಅದು ಕತೆ ಹೇಳಲಿಲ್ಲ, ಅಡ್ಡ ಮಲಗಲಿಲ್ಲ, ಎದುರಿಗೆ ಬಂದು ಒಮ್ಮೆ ಗರ್ಜಿಸಿತು. ಕೆಂಚಿಗೆ ಜೀವವೇ ಬಾಯಿಗೆ ಬಂತು. ಓಡೋಣವೆಂದರೆ ಕಾಲು ಏಳಲಿಲ್ಲ. ಇನ್ನು ನಾನೂ ಕಲ್ಲೇ ಅಂದುಕೊಂಡಳು. ಆದರೆ ಅವಳ ಮೊಣಕಾಲು ಗಡಗಡ, ಹಲ್ಲು ಕಟಕಟ, ಡಬ್ಬಿಯೊಳಗಿನ ಉಂಡೆಗಳು ಲೊಟಲೊಟ! ಮೈಯಲ್ಲಿ ಯಾವ ಭಾಗವೂ ಸುಮ್ಮನೆ ನಿಂತಿರಲಿಲ್ಲ. ಮಂತ್ರಕ್ಕೆ ಅವಳನ್ನು ಹಿಡಿಯುವುದು ಹೇಗೆಂದು ತೋಚಲಿಲ್ಲ.

"ನಿಂತು ಹೆದರೇ!" ಎಂದು ಹುಲಿ ರೇಗಿತು.

"ನಂಗೆ ಹಿಂಗೇ ಬರೋದು" ಎಂದು ಕೆಂಚಿ ನಡುಗುತ್ತ ನಡುಗುತ್ತಲೇ ಅದನ್ನು ದಾಟಿದಳು.

ಬೀದಿಯ ಕೊನೆಗೆ ಕಲ್ಲಿನ ಕೋಟೆ. ಗೋಡೆಯ ತುಂಬ ಬಾಯಿ ತೆರೆದ ಮುಖಗಳು. ಬಾಗಿಲೊಳಗೆ ತೂಗುಮಂಚದ ಮೇಲೆ ಮುದುಕ ದಡಬಡಯ್ಯ ತೂಗಿಕೊಳ್ಳುತ್ತಿದ್ದ.

"ಅಜ್ಜ, ನಮ್ಮಜ್ಜೀನ ಬಿಟ್ಬಿಡು" ಎಂದಳು ಕೆಂಚಿ, ಹೊಸಿಲು ದಾಟಿ ಒಳಗೆ ಬಂದು.

"ಆಗಲ್ಲ."

"ಯಾಕೆ?"

ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮುದುಕ ಮುಖ ತಿರುಗಿಸಿದ. "ಮೀಸೆ ಚಿಗುರೋ ವಯಸ್ಸಲ್ಲಿ ಈ ಪಟ್ಟಣಕ್ಕೆ ಬಂದೆ. ವರ್ಷವಿಡೀ ಬೀದಿ ಸುತ್ತಿದೆ. ಒಬ್ಬರಾದ್ರೂ ನಿಂತು 'ಯಾವೂರಪ್ಪ ನಿಂದು' ಅಂತ ಕೇಳ್ಲಿಲ್ಲ. ನನ್ನ ಹತ್ರ ನಿಲ್ಲದೋರು ಯಾರ ಹತ್ರಾನೂ ನಿಲ್ಬಾರ್ದು ಅಂತ ಮಂತ್ರ ಕಲಿತೆ."

ಕೆಂಚಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಹೋದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅಜ್ಜಿ ಹೇಳಿಕೊಟ್ಟಿದ್ದಳು. ಡಬ್ಬಿ ತೆರೆದು ಒಂದು ಉಂಡೆ ಕೊಟ್ಟಳು. ಅವನು ತಿಂದ. ಇನ್ನು ಹೇಗೆ ಬೇಡಿಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ. ಅಭ್ಯಾಸಬಲದಿಂದ "ಬತ್ತೀನಿ ಅಜ್ಜ" ಎಂದು ಡಬ್ಬಿ ಎತ್ತಿಕೊಂಡಳು.

"ಹೂಂ" ಎಂದ ಮುದುಕ. "ಅಂದಂಗೆ, ಇದು ಯಾವೂರಿನ ಉಂಡೆ?"

ಕೆಂಚಿಯ ಕಿವಿ ನೆಟ್ಟಗಾಯಿತು. ಈ 'ಅಂದಂಗೆ' ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದೂ ಗೊತ್ತು.

"ಕಡಲೆಕೊಪ್ಪದ್ದು" ಎಂದಳು.

ತೂಗುಮಂಚ ನಿಂತಿತು. "ನಮ್ಮ ಕಡಲೆಕೊಪ್ಪಾನಾ? ಬಾವಿ ಪಕ್ಕದ ನೇರಳೆ ಮರ ಇನ್ನೂ ಐತಾ?"

"ಐತೆ. ಬತ್ತೀನಿ ಅಜ್ಜ." ಕೆಂಚಿ ಬಾಗಿಲ ಕಡೆ ನಡೆದಳು. ಮುದುಕ ಮಂಚದಿಂದ ಇಳಿದ. ಕೆಂಚಿ ತಿರುಗಿದಳು. "ಅಂದಂಗೆ, ಮರೆತೇ ಬಿಟ್ಟಿದ್ದೆ. ಆ ಮರದ ಮೇಲೆ ಹಿಂದೆ ದೆವ್ವ ಇತ್ತಂತಲ್ಲ?"

"ದೆವ್ವ ಅಲ್ಲ ಕಣೇ, ಅದು ನಾನೇ! ಕಂಬಳಿ ಹೊದ್ದು ಹೆದರಿಸ್ತಿದ್ದೆ" ಎಂದು ಮುದುಕ ನಗುತ್ತ ಹೊಸಿಲಿಗೆ ಬಂದ.

ಕೆಂಚಿ ಬೀದಿಗೆ ಇಳಿದು ಕುಪ್ಪಳಿಸತೊಡಗಿದಳು. ಸಂಜೆಯ ಬಿಸಿಲು ಮಾಡಿನ ತುದಿಗೆ ಏರಿತ್ತು. ಗಾಡಿಯ ಗಡಗಡ ಸದ್ದು ಹತ್ತಿರ ಬಂತು; ಅದರ ಮೇಲೆ ಅಡ್ಡಡ್ಡ ಮಲಗಿಸಿದ್ದ ಅಜ್ಜಿ ಕಂಡಳು. ಕೆಂಚಿಗೆ ಅತ್ತ ಓಡಬೇಕೆನಿಸಿತು. ಆದರೂ ಅಜ್ಜಿಯ ಥರವೇ ಕೈ ಬೀಸಿ, "ಬತ್ತೀನಿ ಅಜ್ಜ!" ಎಂದಳು. "ಅಂದಂಗೆ, ಮರದಿಂದ ನೀನು ಒಂದ್ಸಲಾನೂ ಬೀಳ್ಲಿಲ್ವಾ?"

"ಬೀಳದೆ ಇರ್ತೀನಾ! ಒಂದ್ಸಲ ಏನಾಯ್ತು ಅಂದ್ರೆ..."

ಕತೆ ದೊಡ್ಡದಿತ್ತು. ಆರಾಮಾಗಿ ಹೇಳೋಣವೆಂದು ಮುದುಕ ಹೊಸಿಲು ದಾಟಿದ, ಬೀದಿಗೆ ಬಂದ, ಸೊಂಟದ ಮೇಲೆ ಕೈ ಇಟ್ಟು ನಿಂತ. ಕಲ್ಲಾದ.

ಹಾಕಿದವನನ್ನೇ ಹಿಡಿದ ಮಂತ್ರಕ್ಕೆ ಆಯಸ್ಸಿಲ್ಲ. ಅದು ಫಟ್ಟೆಂದು ಒಡೆಯಿತು. ಕೋಟೆಯ ಗೋಡೆ ಆಕಳಿಸಿತು, ಮೈಮುರಿಯಿತು, "ನನ್ನ ಹೆಗಲ ಮೇಲೆ ಯಾರ್ರೀ ಅದು?" ಎನ್ನುತ್ತ ಒಬ್ಬೊಬ್ಬರಾಗಿ ಕೆಳಗಿಳಿಯಿತು. ಗಿಳಿ ಹಾರಿತು, ಗೂಳಿ ಹುಲ್ಲು ಹುಡುಕಿತು, ಹುಲಿ ಕಾಡಿನ ದಾರಿ ಹಿಡಿಯಿತು. ಗಾಡಿಯ ಮೇಲಿದ್ದ ಅಜ್ಜಿ ಎದ್ದು ಕೂತು, "—ಊರು?" ಎಂದು ಗಾಡಿಯವನನ್ನು ಕೇಳಿದಳು.

ಕೆಂಚಿ ಓಡಿಬಂದು ಅವಳ ಮಡಿಲಿಗೆ ಬಿದ್ದು, ಆ ದಿನ ಮೊದಲ ಸಲ ಅಲ್ಲಾಡದೆ ಕೂತಳು.

ಮಂತ್ರ ಹೋದಮೇಲೆ ದಡಬಡಯ್ಯನಿಗೂ ಜೀವ ಬಂತು. ಅವನು ಮೆಲ್ಲಗೆ ಜಾರಿಕೊಳ್ಳುವುದರಲ್ಲಿದ್ದ, ಅಜ್ಜಿ ಅವನ ಪಂಚೆಯ ಚುಂಗು ಹಿಡಿದಳು.

"ನಿಲ್ಲಪ್ಪ. ಯಾವೂರು ನಿಂದು?"

ಅರವತ್ತು ವರ್ಷ ಮುದುಕ ಕಾದಿದ್ದ ಪ್ರಶ್ನೆ ಅದು. ಅವನು ಮಗುವಿನಂತೆ ಅತ್ತುಬಿಟ್ಟ. ಕೇಳುತ್ತ ಕೇಳುತ್ತ ಅವನು ಅಜ್ಜಿಯ ಸೋದರತ್ತೆಯ ಮೈದುನನ ಮಗ ಸಣ್ಣೀರ ಎಂದು ಗೊತ್ತಾಯಿತು. ಅಜ್ಜಿ ಮೊದಲು ಅವನ ಕೆನ್ನೆಗೊಂದು ಕೊಟ್ಟು, ಆಮೇಲೆ ಕಣ್ಣೊರೆಸಿದಳು.

ರಾಜ ಅವನಿಗೆ ಹೆಬ್ಬಾಗಿಲಲ್ಲಿ ಕೆಲಸ ಕೊಟ್ಟ. ಬಂದವರನ್ನೆಲ್ಲ ನಿಲ್ಲಿಸಿ ಊರು ಕೇಳಬೇಕು, ಅವರ ಮಾತು ಪೂರ್ತಿ ಕೇಳಿಸಿಕೊಳ್ಳಬೇಕು. ಅದೇ ಅವನ ಶಿಕ್ಷೆ. ಅಂಥ ಸುಖದ ಶಿಕ್ಷೆ ಬೇರೆ ಯಾರಿಗೂ ಸಿಕ್ಕಿಲ್ಲ.

ಅಜ್ಜಿ ಮೊಮ್ಮಗಳು ಚಿಕ್ಕಮ್ಮನ ಮನೆ ಸೇರಿದರು, ಬಾಣಂತಿ ಉಂಡೆ ತಿಂದಳು. ಕೂಸಿಗೆ ಹೆಸರಿಟ್ಟ ಸಂಜೆ ಅಜ್ಜಿ "ಬತ್ತೀನಿ ಕಣವ್ವ" ಎಂದು ಊರಿಗೆ ಹೊರಟಳು. ಆ ಕೂಸಿಗೆ ಈಗ ನಾಲ್ಕು ಹಲ್ಲು ಬಂದಿವೆ. ಅಜ್ಜಿ ಹೊಸಿಲಿನವರೆಗೆ ಬಂದಿದ್ದಾಳೆ. ಎಲ್ಲರೂ ಸುಖವಾಗಿದ್ದಾರೆ, ಸಾರು ಮಾತ್ರ ಸೀದಿದೆ.