ಹಿಂದಲೆಯ ಎಲುಬು

ಪಡುಗಡಲಿನ ಅಳಿವೆಯ ದಂಡೆಯಲ್ಲಿ ಶಂಖಾವತಿಯೆಂಬ ರಾಜಧಾನಿ ಮೆರೆಯುತ್ತಿದ್ದ ಕಾಲವದು. ಅದರ ಕೋಟೆಗೋಡೆ ಎಷ್ಟು ಎತ್ತರವಿತ್ತೆಂದರೆ, ದಾಟಿಹೋಗುವ ಕೊಕ್ಕರೆಗಳು ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಂಡೇ ಮುಂದೆ ಹಾರುತ್ತಿದ್ದವು. ಪೇಟೆಯಲ್ಲಿ ಮೆಣಸಿನ ರಾಶಿ ಎಷ್ಟು ಬಿದ್ದಿರುತ್ತಿತ್ತೆಂದರೆ, ದಿನಕ್ಕೆ ಮೂರು ಸಲ ಊರಿಗೆ ಊರೇ ಒಟ್ಟಿಗೆ ಸೀನುತ್ತಿತ್ತು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಐದಾರು ಅಕ್ಷರ ಇದ್ದರೆ ಅದು ಬೇರೆ ಮಾತು.

ಹೊರಗೆ ಇಷ್ಟೆಲ್ಲ ವೈಭವ. ಅರಮನೆಯ ಒಳಗೆ ಮಾತ್ರ ವಿಷದ ಗಾಳಿ. ಅರಸ ಸಿಂಗರಸನು ಹದಿನಾಲ್ಕು ವರ್ಷಗಳ ಹಿಂದೆ ಸ್ವಂತ ಚಿಕ್ಕಪ್ಪನನ್ನು ಸಿಂಹಾಸನದಿಂದ ಕೆಳಗಿಳಿಸಿ ಕಾಡಿಗಟ್ಟಿ ಪಟ್ಟವೇರಿದವನು. ತಾನು ಮಾಡಿದ್ದನ್ನೇ ಇನ್ನೊಬ್ಬನು ತನಗೆ ಮಾಡಿಯಾನೆಂಬ ಭಯದಿಂದ ಅವನು ಊಟದೆಲೆಯನ್ನೂ ಸಂಶಯದಿಂದಲೇ ನೋಡುತ್ತಿದ್ದ. ಆ ಭಯಕ್ಕೆ ದಿನವೂ ಎಣ್ಣೆಯೆರೆಯುತ್ತಿದ್ದವನು ದಂಡನಾಯಕ ಲಕುಮರಸ. ಇವನಿಗೆ ಗಂಟಲಲ್ಲಿ ಸಿಕ್ಕ ಮುಳ್ಳೆಂದರೆ ಕಡಲಬಾಗಿಲಿನ ಕಾವಲಿನ ಏಚಣ ನಾಯಕ. ಅರಸನ ಉಂಗುರ ತೋರದೆ ಬೀಗದ ಕೈ ಕೊಡುವುದಿಲ್ಲವೆಂದು ಏಚಣನು ದಂಡನಾಯಕನನ್ನೇ ಬಾಗಿಲಲ್ಲಿ ನಿಲ್ಲಿಸಿ ಕಳಿಸಿದ್ದ, ಅದೂ ಮೂರು ಸಲ. ಆ ಬಾಗಿಲು ಕೈಗೆ ಬಂದರೆ ಪಟ್ಟಣವೇ ಕೈಗೆ ಬಂದಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಗ ಬಂದರಿನಲ್ಲಿ ಒಬ್ಬ ಚೀನೀಯನಿದ್ದ. ಪಿಂಗಾಣಿ ಬಟ್ಟಲು ಮಾರಲು ಬಂದು, ಹಡಗು ತಪ್ಪಿ, ಹನ್ನೆರಡು ವರ್ಷ ಇಲ್ಲೇ ನಿಂತುಬಿಟ್ಟವನು. ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಹೊರಳದೆ ಜನ ಅವನನ್ನು ಲೀವಯ್ಯನೆಂದು ಕರೆದರು, ಅವನೂ ಒಪ್ಪಿಕೊಂಡ. ಮುಖವನ್ನೂ ಮೈಯನ್ನೂ ಓದುವ ತನ್ನ ನಾಡಿನ ವಿದ್ಯೆಯಲ್ಲಿ ಅವನು ನಿಸ್ಸೀಮ. ಹಣೆಯಲ್ಲಿ ಯೌವನ, ಮೂಗಿನಲ್ಲಿ ನಡುಪ್ರಾಯ, ಗಲ್ಲದಲ್ಲಿ ಮುಪ್ಪು ಎಂದು ಅವನು ಹೇಳತೊಡಗಿದರೆ, ಮೀನು ಮಾರುವ ಹೆಂಗಸರು ಬುಟ್ಟಿಯನ್ನು ಬೆಕ್ಕಿಗೆ ಬಿಟ್ಟು ಕೇಳುತ್ತಿದ್ದರು.

ಲಕುಮರಸನು ಅವನನ್ನು ಕರೆಸಿ, ದ್ರೋಹಿಯ ಲಕ್ಷಣವೇನೆಂದು ಕೇಳಿದ. ತಲೆಯ ಹಿಂಭಾಗದ ಎಲುಬು ಉಬ್ಬಿದ್ದರೆ ಅಂಥವನು ಒಡೆಯನಿಗೆ ತಿರುಗಿಬೀಳುತ್ತಾನೆಂಬುದು ತಮ್ಮ ಹಿರಿಯರ ಮತವೆಂದು ಲೀವಯ್ಯ ಹೇಳಿದ. ಅವನು ಇನ್ನೂ ಹೇಳುವುದಿತ್ತು. ಲಕುಮರಸನು ಆಗಲೇ ಎದ್ದುಹೋಗಿದ್ದ. ಹರೆಯದಲ್ಲಿ ಅವನೂ ಏಚಣನೂ ಒಂದೇ ಗರಡಿಯ ಮಣ್ಣು ಮೆತ್ತಿಕೊಂಡವರು. ಏಚಣನ ಕೊರಳಿಗೆ ತೋಳು ಬಿಗಿದಾಗಲೆಲ್ಲ ಮೊಳಕೈಗೆ ಒತ್ತುತ್ತಿದ್ದ ಆ ಎಲುಬನ್ನು ಅವನು ಮರೆತಿರಲಿಲ್ಲ.

ಮರುದಿನದ ಸಭೆಯಲ್ಲಿ ಏಚಣನ ಮೇಲೆ ದ್ರೋಹದ ಆರೋಪ ಬಂತು. ಸಾಕ್ಷಿ ಎಲ್ಲಿ ಎಂದು ಅರಸ ಕೇಳಿದಾಗ, ಸಾಕ್ಷಿಯನ್ನು ಅವನೇ ಪೇಟದ ಕೆಳಗೆ ಹೊತ್ತು ತಿರುಗುತ್ತಿದ್ದಾನೆಂದು ದಂಡನಾಯಕ ಉತ್ತರಿಸಿದ. ಲೀವಯ್ಯನನ್ನು ಕರೆತಂದು ಎಲುಬಿನ ಮಾತನ್ನಷ್ಟೇ ಹೇಳಿಸಿ, ಬಾಯಿ ಮುಚ್ಚಿಸಿ ನಿಲ್ಲಿಸಿದರು. ಎಲುಬು ಕಂಡರೆ ಸೂರ್ಯ ಮುಳುಗುವ ಮುನ್ನ ತಲೆ ಬೀಳಬೇಕೆಂದು ಅಪ್ಪಣೆಯಾಯಿತು.

ಆದರೆ ಶಂಖಾವತಿಯ ಕಟ್ಟಳೆಯಂತೆ ಸಭೆಯಲ್ಲಿ ಒಬ್ಬನ ಪೇಟವನ್ನು ಇನ್ನೊಬ್ಬನು ಮುಟ್ಟುವಂತಿಲ್ಲ. ಮುಟ್ಟಬಲ್ಲವನು ಅರಮನೆಯ ಕ್ಷೌರಿಕ ಕೇತಣನೊಬ್ಬನೇ. ಪೇಟದಡಿ ಕಂಡದ್ದನ್ನು ನಾಲಗೆಗೆ ತರುವುದಿಲ್ಲವೆಂದು ಅವನು ಕತ್ತಿ ಮುಟ್ಟಿ ಆಣೆಯಿಟ್ಟವನು. ಯಾವ ಮಂತ್ರಿಯ ಕೂದಲು ಕಾಡಿಗೆಯಿಂದ ಕಪ್ಪು, ಯಾವ ಪಂಡಿತನ ಜುಟ್ಟು ಕುದುರೆಯ ಬಾಲದ್ದು ಎಂಬುದೆಲ್ಲ ಅವನಿಗೆ ಗೊತ್ತು. ಅವನು ಒಂದು ಗಳಿಗೆ ಬಾಯಿ ಬಿಟ್ಟಿದ್ದರೆ ಶತ್ರುಗಳ ಹಂಗಿಲ್ಲದೆ ರಾಜ್ಯವು ನಗೆಯಿಂದಲೇ ಕುಸಿಯುತ್ತಿತ್ತು.

ಕೇತಣನು ಏಚಣನ ಪೇಟ ಬಿಚ್ಚಿಟ್ಟು, ನೀರು ಹಚ್ಚಿ ಕತ್ತಿ ಎತ್ತಿದ. ತಲೆ ಹೋಗುವುದಕ್ಕೆ ಅಂಜಿಕೆಯಿಲ್ಲ, ಪೇಟ ಅದಕ್ಕಿಂತ ಮೊದಲು ಹೋಯಿತಲ್ಲ ಎಂದು ಏಚಣ ಮೆಲ್ಲಗೆ ಅಂದದ್ದು ಅವನಿಗೊಬ್ಬನಿಗೇ ಕೇಳಿಸಿತು. ಹಿಂದಲೆ ಅರ್ಧ ಬೋಳಾಗುವಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಎಲುಬು ಎಲ್ಲರಿಗೂ ಕಂಡಿತು.

"ಏನೋ ಕೇತ, ನಲವತ್ತು ವರ್ಷದಿಂದ ಈ ಆಸ್ಥಾನದ ತಲೆಗಳನ್ನೆಲ್ಲ ಸವರಿದವನು ನೀನು," ಎಂದ ಲಕುಮರಸ, ಮೀಸೆಯಲ್ಲೇ ನಗುತ್ತ. "ಇಂಥ ಎಲುಬು ಇನ್ನೊಂದು ತಲೆಯಲ್ಲಿ ಕಂಡಿದ್ದೀಯೇನೋ?"

ಆಣೆಯಿಟ್ಟವನು ಸುಮ್ಮನಿರುತ್ತಾನೆ, ಸುಮ್ಮನಿದ್ದರೆ ಇಲ್ಲವೆಂದೇ ಅರ್ಥ ಎಂಬುದು ದಂಡನಾಯಕನ ಎಣಿಕೆ. ಕೇತಣನ ಕೈ ನಿಂತಿತು. ಸುಮ್ಮನಿದ್ದರೆ ಕೈಯಡಿಯ ಈ ಕೊರಳು ಹೋಗುತ್ತದೆ, ಮಾತಾಡಿದರೆ ತನ್ನದು.

"ಕಂಡದ್ದನ್ನು ಹೇಳಲಾರೆ ಒಡೆಯ, ನಾಲಗೆಗೆ ಆಣೆಯಿದೆ," ಎಂದ ಅವನು ಅರಸನತ್ತ ತಿರುಗಿದ. "ಪ್ರಭುಗಳ ಕೈಗೆ ಯಾವ ಆಣೆಯೂ ಇಲ್ಲ. ಒಮ್ಮೆ ತಮ್ಮ ಕಿರೀಟದ ಹಿಂದಕ್ಕೆ ಬೆರಳಾಡಿಸಿ ನೋಡಬೇಕು."

ಸಿಂಗರಸನ ಕೈ ಮೇಲಕ್ಕೆ ಹೋಯಿತು; ಹೋದದ್ದು ಬಹಳ ಹೊತ್ತು ಅಲ್ಲೇ ನಿಂತಿತು. ಅದನ್ನು ಕಂಡ ಮಂತ್ರಿಗಳೂ ಪಂಡಿತರೂ ಸಾಮಂತರೂ ಒಬ್ಬೊಬ್ಬರಾಗಿ, ಯಾರೂ ನೋಡುತ್ತಿಲ್ಲವೆಂಬಂತೆ, ತಮ್ಮ ತಮ್ಮ ಹಿಂದಲೆಯನ್ನು ತಡಕಿಕೊಂಡರು. ನೂರಾ ಎಂಟು ಮೊಳಕೈಗಳು ಒಮ್ಮೆಗೇ ಮೇಲೆದ್ದದ್ದರಿಂದ ಸಭೆಯಲ್ಲಿ ಗಾಳಿ ಬೀಸಿ ಎರಡು ದೀಪ ಆರಿದವೆಂದು ಬಲ್ಲವರು ಹೇಳುತ್ತಾರೆ. ಮೂರು ಎಂದರೂ ನಾನು ಅಡ್ಡಿಪಡಿಸುವುದಿಲ್ಲ.

"ಅರಸನ ತಲೆಯಲ್ಲಿದ್ದರೆ ಇದರ ಅರ್ಥವೇನಯ್ಯ?" ಎಂದು ಸಿಂಗರಸ ಲೀವಯ್ಯನನ್ನು ಕೇಳಿದ.

"ಎಲುಬು ಎಲ್ಲಿದ್ದರೂ ಎಲುಬೇ, ಪ್ರಭುಗಳೇ," ಎಂದ ಲೀವಯ್ಯ. "ಆದರೆ ನಡಿಗೆ, ದನಿ, ಕಣ್ಣು ಎಲ್ಲವನ್ನೂ ಕೂಡಿಸಿ ಓದಬೇಕು. ಒಂದೇ ಎಲುಬು ನೋಡಿ ತೀರ್ಪು ಹೇಳುವವನಿಗೆ ನಮ್ಮಲ್ಲಿ ಬಟ್ಟಲು ತೊಳೆಯುವ ಕೆಲಸವನ್ನೂ ಕೊಡುವುದಿಲ್ಲ. ದಂಡನಾಯಕರಿಗೆ ಇದನ್ನೇ ಹೇಳಹೊರಟಿದ್ದೆ. ಅವರು ಅರ್ಧಕ್ಕೇ ಎದ್ದುಹೋದರು."

ಅರ್ಧ ಕೇಳಿ ಎದ್ದವನ ಮುದ್ರೆಯುಂಗುರವನ್ನು ಅಲ್ಲೇ ಕಳಚಿಸಿ, ಅವನನ್ನು ಉಪ್ಪುನೀರಿನ ನಡುವಿನ ಒಂದು ದ್ವೀಪದ ಕಾವಲಿಗೆ ಅಟ್ಟಲಾಯಿತು. ಏಚಣನಿಗೆ ಬೀಗದ ಕೈ ಮರಳಿ ಬಂತು. ಆಮೇಲೆ ಅರಸ ಕೇತಣನ ಕಡೆ ತಿರುಗಿದ.

"ನಿನಗೆ ಇದು ಎಂದಿನಿಂದ ಗೊತ್ತು?"

"ಪಟ್ಟಾಭಿಷೇಕದ ದಿನದಿಂದ, ಪ್ರಭು."

"ನನ್ನ ಚಿಕ್ಕಪ್ಪನ ಉಪ್ಪು ತಿಂದವನು ನೀನು. ವಾರಕ್ಕೊಮ್ಮೆ ನನ್ನ ಕೊರಳ ಮೇಲೆ ಕತ್ತಿಯಿಟ್ಟು ಕೂರುತ್ತಿದ್ದೆ."

"ಹೌದು, ಪ್ರಭು. ಹದಿನಾಲ್ಕು ವರ್ಷ."

ಅದಕ್ಕಿಂತ ದೊಡ್ಡ ನಿಷ್ಠೆಯ ಪ್ರಮಾಣ ಬೇರೇನಿತ್ತು? ಆದರೆ ತುಂಬಿದ ಸಭೆಯಲ್ಲಿ ತನ್ನ ತಲೆಯನ್ನು ತಾನೇ ತಡವಿಕೊಂಡ ಅರಸನು ಆ ಅವಮಾನಕ್ಕೆ ಯಾರನ್ನಾದರೂ ದ್ವೇಷಿಸಲೇಬೇಕಿತ್ತು. ಕೇತಣನ ಉಂಬಳಿಯ ಹೊಲ ಹೋಯಿತು, ಅರಮನೆಯ ಬಾಗಿಲು ಮುಚ್ಚಿತು. ಬೇರೆ ಯಾವ ಕೈಯನ್ನೂ ನಂಬಲಾರದ ಸಿಂಗರಸನು ಕಡೆಯವರೆಗೂ ಕ್ಷೌರವಿಲ್ಲದೆ, ಗಡ್ಡಕ್ಕೆ ಬೇರೆ ಪಲ್ಲಕ್ಕಿ ಮಾಡಿಸಿಕೊಂಡು ಬದುಕಿದನಂತೆ.

ಅಂದು ಕೇತಣ ತನ್ನ ಕತ್ತಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕಡಲಬಾಗಿಲು ದಾಟುವಾಗ ಏಚಣ ನಾಯಕ ಅಡ್ಡ ಬಂದ. ಬೆಸ್ತರೂ ಹಮಾಲರೂ ನೋಡುತ್ತಿದ್ದಂತೆಯೇ ತನ್ನ ಕೈಯಾರೆ ಪೇಟ ತೆಗೆದು ಮೊಣಕಾಲ ಮೇಲಿಟ್ಟು, ಬಾಗಿಲ ಮುಂದಿನ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತ.

"ಅರ್ಧಕ್ಕೇ ಬಿಟ್ಟಿದ್ದೀಯಪ್ಪ," ಎಂದ. "ಮುಗಿಸು."