ಅಳಿಸಿಹೋದ ತವರು

"ನಮ್ಮ ಹೆಣ್ಮಕ್ಕಳನ್ನೆಲ್ಲಾ ಗಂಡನ ಮನಿಗೆ ಅಟ್ಟಿದಾವ ಯಾವನವಾ?!"

ಬೈಲಹೊಂಗಲದ ಆ ಸಣ್ಣ ಆಫೀಸಿನ ಬಾಗಿಲು ಗೋಡೆಗೆ ಬಡಿದ ಸದ್ದಿಗೆ, ಕಂಪ್ಯೂಟರಿನ ಮುಂದೆ ಕುಳಿತಿದ್ದ ಕಲ್ಮೇಶ ಬೆಚ್ಚಿ ಎದ್ದು ನಿಂತ.

ಎದುರಿಗೆ ಶಿವಾನಿ. ಕೆದರಿದ ಕೂದಲು, ಕೆಂಡದಂಥ ಕಣ್ಣು...

ಅಯ್ಯೋ ದೇವರೇ, ಇವಳೇನಾ ಆ ದನಿ!

ಒಂದು ತಿಂಗಳಿಂದ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡಿದ್ದರು. ಮುಖ ಮಾತ್ರ ನೋಡಿರಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕಿನ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಲು ಒಂದು ಟ್ರಸ್ಟು ಗಾಡಿಗಳನ್ನು ಓಡಿಸುತ್ತಿತ್ತು. ಅಲ್ಲಿನ ಕಂಪ್ಯೂಟರ್ ಕೆಲಸ ಶಿವಾನಿಯದು. ಹಳೆಯ ಡೇಟಾಬೇಸಿನಲ್ಲಿದ್ದ ಹೆಸರು, ಊರು, ನಂಬರುಗಳನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸಲು ಧಾರವಾಡದ ಕಂಪನಿಯೊಂದು ನೇಮಿಸಿದ ಎಂಜಿನಿಯರ್ ಕಲ್ಮೇಶ, ಸವದತ್ತಿಯ ಹುಡುಗ. ಸಾಗಿಸುವುದಕ್ಕೊಂದು ಟೂಲ್ ಇತ್ತು. ಯಾವ ಕಾಲಂ ಎಲ್ಲಿಗೆ ಹೋಗಬೇಕು ಎಂದು ಅದು ಅವನನ್ನು ಕೇಳುತ್ತಿತ್ತು, ಅವನು ಇವಳನ್ನು ಕೇಳುತ್ತಿದ್ದ.

ಕಾಲಮ್ಮಿನ ಮಾತು ಮುಗಿದರೂ ಫೋನು ಮುಗಿಯುತ್ತಿರಲಿಲ್ಲ. 'ಊಟ ಆತೇನ್ರಿ?' ಎಂಬಲ್ಲಿಗೆ ಬಂದು, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತಿತ್ತು. ಅವನು ಬರುವ ದಿನ ಉಡಲೆಂದೇ ಅವಳು ಹಸಿರು ಇಳಕಲ್ ಸೀರೆಗೆ ಇಸ್ತ್ರಿ ಮಾಡಿಸಿಟ್ಟಿದ್ದಳು.

ಇವತ್ತು ಆ ಸೀರೆ ಯಾರಿಗೆ ನೆನಪಿದೆ!

"ನೀವ ಏನ್ರಿ ಕಲ್ಮೇಶ?"

"ಹೌದ್ರಿ... ಏನಾತು?"

"ಏನಾತು? ಗುರವ್ವ ಹಾದ್ಯಾಗ ಹಡದಾಳ್ರಿ! ಗೂಡ್ಸ್ ಗಾಡ್ಯಾಗ, ತಾಡಪತ್ರಿ ಮ್ಯಾಲ!"

ಗುರವ್ವನಿಗೆ ಇದು ಚೊಚ್ಚಲ ಹೆರಿಗೆ. ಗಂಡನ ಮನೆ ಸಂಗೊಳ್ಳಿ. ಹೆರಿಗೆಗೆಂದು ತವರಾದ ತೊರಗಲ್ಲಿಗೆ ಹೋಗಿದ್ದಳು. ನಸುಕಿನಲ್ಲಿ ಬೇನೆ ಶುರುವಾಗಿ ಫೋನ್ ಮಾಡಿದರೆ, ನಂಬರ್ ನೋಡಿದೊಡನೆ ತಾನೇ ವಿಳಾಸ ಹುಡುಕಿ ಗಾಡಿ ಕಳಿಸುವ ಹೊಸ ಸಾಫ್ಟ್‌ವೇರು ಗಾಡಿಯನ್ನು ಕಳಿಸಿದ್ದು ಸಂಗೊಳ್ಳಿಗೆ! ಅತ್ತೆ ಕಸಬರಿಗೆ ಹಿಡಿದು ಅಂಗಳದಲ್ಲಿ ನಿಂತು, "ಸೊಸಿ ಇಲ್ಲೆಲ್ಲಿ ಅದಾಳೋ ಯಪ್ಪಾ, ತವರಿಗೆ ಹೋಗ್ಯಾಳ" ಎಂದಾಗ ಡ್ರೈವರ್ ತಲೆ ಕೆರೆದುಕೊಂಡ. ತಾಯಿ ಮಗು ಬದುಕಿ ಉಳಿದದ್ದು ಪುಣ್ಯ.

"ಎರಡು ವಿಳಾಸ ಇದ್ದೂವಲ್ರಿ! ಗಂಡನ ಮನೀದು ಒಂದು, ತವರಿಂದು ಒಂದು. ತವರಿಂದು ಎಲ್ಲಿ ಹೋತು? ಯಾರನ್ನ ಕೇಳಿ ಅಳಿಸಿದ್ರಿ?"

ಕಲ್ಮೇಶನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳನ್ನೇ ನೋಡಿದ. ಏನೋ ಹೇಳಲು ತುಟಿ ತೆರೆದ.

ಅಷ್ಟರಲ್ಲಿ ಟ್ರಸ್ಟಿನ ಮುಖ್ಯಸ್ಥ ವಿರೂಪಾಕ್ಷ ಒಳಗೆ ಬಂದರು.

"ಹೇಳ್ರಿ ಎಂಜಿನಿಯರ್ ಸಾಹೇಬ್ರ. ಯಾರ ತಪ್ಪು ಇದು?"

ಕಲ್ಮೇಶ ತುಟಿ ಮುಚ್ಚಿದ. ತಲೆ ತಗ್ಗಿಸಿದ.

"ನಂದರಿ. ನಂದ ತಪ್ಪು."

"ಇವತ್ತ ನಿಮ್ಮ ಕಂಪನಿಗೆ ದೂರು ಕೊಡತೇನಿ. ಇದನ್ನ ಸರಿಮಾಡಿ ಗಂಟು ಕಟ್ರಿ!"

ಇಷ್ಟೇನಾ? ಒಂದು ಕಾರಣ ಇಲ್ಲ, ಒಂದು ಮಾತಿಲ್ಲ! ಶಿವಾನಿಗೆ ಮೈಯೆಲ್ಲ ಉರಿದುಹೋಯಿತು. 'ಇಂಥಾವನ ಫೋನಿಗೆ ನಾ ದಾರಿ ಕಾಯತಿದ್ದೆ! ಥೂ ನನ್ನ ಬುದ್ಧಿಗೆ...'

ಪುಣ್ಯಕ್ಕೆ ಹಳೆಯ ಡೇಟಾಬೇಸನ್ನು ಅವನು ಇನ್ನೂ ಅಳಿಸಿರಲಿಲ್ಲ. ಹೊಸದು ನೆಟ್ಟಗೆ ಓಡುವ ತನಕ ಹಳೆಯದನ್ನು ಮುಟ್ಟಬಾರದು ಎಂಬುದು ಆ ಕಸುಬಿನ ನಿಯಮ. ಮತ್ತೆ ಕುಳಿತು, ಹೊಸದರಲ್ಲಿ ಎರಡನೇ ವಿಳಾಸಕ್ಕೂ ಜಾಗ ಮಾಡಿ, ಬಿಟ್ಟುಹೋದ ಕಾಲಮ್ಮನ್ನು ಮರಳಿ ತಂದ. ಅವಳು ಅವನ ಕಡೆ ತಿರುಗಿಯೂ ನೋಡದೆ ರಾಮದುರ್ಗದ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಗುರವ್ವ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಅವಳ ತಾಯಿ ಕಾಡವ್ವ. ಶಿವಾನಿ ಕೈಮುಗಿದದ್ದೇ ತಡ, ಮುದುಕಿ ಹರಿಹಾಯ್ದಳು.

"ಯಾಕ ಬಂದಿ? ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರಲ್ಲ, ನಿಮ್ಮ ಕಂಪ್ಯೂಟರೂ ಅದನ್ನ ಕಲತೈತೇನವಾ?"

ಶಿವಾನಿಯ ಕೈಯಲ್ಲಿದ್ದ ಹಣ್ಣಿನ ಚೀಲ ಕೆಳಗೆ ಬಿತ್ತು.

ಆ ಮಾತು... ಆ ಮಾತನ್ನು ತಾನೇ ಆಡಿದ್ದಳು!

ಹೌದು, ಒಂದು ಮಧ್ಯಾಹ್ನ ಫೋನಿನಲ್ಲಿ ಕಲ್ಮೇಶ ಕೇಳಿದ್ದ. "ಒಬ್ಬೊಬ್ಬರಿಗೆ ಎರಡೆರಡು ವಿಳಾಸ ಅದಾವಲ್ರಿ, ಹೊಸಾದ್ರಾಗ ಒಂದಕ್ಕ ಜಾಗಾ ಐತಿ. ಖರೇದು ಯಾವುದು?"

ಅವನನ್ನು ನಗಿಸಬೇಕೆಂಬ ಹುಕಿ ಅವಳಿಗೆ. "ಅಷ್ಟೂ ಗೊತ್ತಿಲ್ಲೇನ್ರಿ? ಕೊಟ್ಟ ಹೆಣ್ಣು ಕುಲಕ್ಕ ಹೊರಗ! ಗಂಡನ ಮನೀನ ಖರೇ ಮನಿ!" ಎಂದು ಕಿಲಕಿಲ ನಕ್ಕಿದ್ದಳು. ಅವನು ನಕ್ಕಿರಲಿಲ್ಲ. 'ಹೂಂ' ಎಂದಷ್ಟೇ ಹೇಳಿದ್ದ.

ಅದು ಬರೀ ತಮಾಷೆ, ಚಾಷ್ಟಿಯೆಂದು ಅವನಿಗೆ ತಿಳಿದಿರುತ್ತದೆ ಅಂದುಕೊಂಡಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ತಿಳಿಯದವರು ಈ ಸೀಮೆಯಲ್ಲಿ ಯಾರಿದ್ದಾರೆ?

ಮರಳುವ ಬಸ್ಸಿನಲ್ಲಿ ಅವಳಿಗೆ ಸಿಟ್ಟು ಇನ್ನೂ ಹೆಚ್ಚಿತು. ಮೊದಲು ತನ್ನ ಮೇಲೆ. ಸವದತ್ತಿ ದಾಟುವ ಹೊತ್ತಿಗೆ ಅದೂ ಅವನ ಮೇಲೆಯೇ ತಿರುಗಿತು. ತನ್ನ ಮೇಲಿನ ಸಿಟ್ಟನ್ನು ಹೊತ್ತು ತಿರುಗುವುದು ಯಾರಿಗೆ ತಾನೇ ಆಗುತ್ತದೆ ಹೇಳಿ!

ಆಫೀಸಿನಲ್ಲಿ ಕಲ್ಮೇಶ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ. ಅವಳು ಬ್ಯಾಗು ಕಸಿದು ಟೇಬಲ್ಲಿನ ಮೇಲೆ ಒಗೆದಳು.

"ಯಾಕ ಹೇಳಲಿಲ್ಲ? ನಾ ಹೇಳಿದ್ದ ಕೇಳಿ ಅಳಿಸೇನಿ ಅಂತ ಯಾಕ ಅನ್ನಲಿಲ್ಲ?"

"ಅಂದಿದ್ರ ನಿಮ್ಮ ನೌಕ್ರಿ ಹೋಗತಿತ್ತರಿ."

"ಹೋಗಲಿ! ನನ್ನ ತಪ್ಪು ಹೊರಾಕ ನೀವ್ಯಾರ್ರಿ? ಎಲ್ಲಾರ ಮುಂದ ನಿಮ್ಮನ್ನ ಬೈದೆ... ನನ್ನ ಕಡಿಂದ ಅಂಥಾ ಪಾಪ ಯಾಕ ಮಾಡಿಸಿದ್ರಿ?"

"ಬಟನ್ ಒತ್ತಿದ ಕೈ ನಂದ ಐತಲ್ರಿ..."

"ಹೇಳಿದ ಬಾಯಿ ನಂದು!"

ಅವನ ತೋಳು ಹಿಡಿದು ದರದರನೆ ವಿರೂಪಾಕ್ಷರ ಕೋಣೆಗೆ ಎಳೆದೊಯ್ದಳು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, "ದೂರು ಕೊಡೂದಿದ್ರ ನನ್ನ ಹೆಸರೂ ಹಾಕ್ರಿ ಸರ್" ಎಂದಳು.

ವಿರೂಪಾಕ್ಷ ಕನ್ನಡಕ ತೆಗೆದು ಇಬ್ಬರನ್ನೂ ನುಂಗುವಂತೆ ನೋಡಿದರು.

"ಅಲ್ರಿ, ಬಸುರಿ ಹೆಣ್ಮಕ್ಕಳ ವಿಳಾಸ ಏನು ಚಾಷ್ಟಿ ಮಾಡೂ ವಸ್ತುನೇನು? ಕೂಡೇ ಕೆಡಿಸೀರಿ, ಕೂಡೇ ಸರಿಮಾಡ್ರಿ! ಒಬ್ಬೊಬ್ಬಾಕಿಗೂ ಫೋನ್ ಹಚ್ಚಿ ಈಗ ಎಲ್ಲಿ ಅದಾಳಂತ ಕೇಳ್ರಿ. ಅಲ್ಲೀತನಕಾ ನನಗ ಮಾರಿ ತೋರಸಬ್ಯಾಡ್ರಿ!"

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತಳು ಶಿವಾನಿ. ಅವನು ಸ್ವಲ್ಪ ದೂರ ಬಿಟ್ಟು ಕುಳಿತ.

"ಒಂದು ಮಾತು ಹೇಳ್ರಿ," ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಸಣ್ಣ ಕೂಸಿಗೂ ಗೊತ್ತಿರೂ ಚಾಷ್ಟಿ ಅದು. ನೀವು ಹೆಂಗ ಖರೇ ತಿಳಿದ್ರಿ?"

ಕಲ್ಮೇಶ ಕಾಲ ಬಳಿಯ ಹರಳೊಂದನ್ನು ಎತ್ತಿ ದೂರ ಎಸೆದ.

"ನಮ್ಮವ್ವ ತನ್ನ ಮನಸ್ಸಿಗೆ ಬಂದಾವನ್ನ ಲಗ್ನ ಆದ್ಲರಿ. ಅವತ್ತಿಂದ ತವರಿನ ಬಾಗಲಾ ಬಂದ್. ನಾ ಹುಟ್ಟಿದ್ದೂ ನಮ್ಮಪ್ಪನ ಮನ್ಯಾಗ. ಪಂಚಮಿಗೆ ಓಣ್ಯಾಗಿನ ಸೊಸ್ತೇರೆಲ್ಲಾ ತವರಿಗೆ ಹೋಗತಾರ. ಅಕಿ ಬಾಗಲಾ ಹಾಕ್ಕೊಂಡು ಒಬ್ಬಾಕಿನ ಉಂಡಿ ಕಟ್ಟತಾಳ..." ಅವನು ಅವಳತ್ತ ತಿರುಗಿದ. "ನೀವು ಹೇಳಿದ ಆ ಮಾತು ನಮ್ಮ ಮನ್ಯಾಗ ಚಾಷ್ಟಿ ಅಲ್ರಿ."

ಶಿವಾನಿಯ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅಲ್ಲ, ಹೋಗಲಿಲ್ಲ. ಎಂದೂ ನೋಡದ ಯಾವುದೋ ಮನೆಯ ಮುಚ್ಚಿದ ಬಾಗಿಲಿನ ಮೇಲೆ ತಿರುಗಿತು.

"ಈ ಪಂಚಮಿಗೆ ನಿಮ್ಮವ್ವ ಬಾಗಲಾ ಹಾಕ್ಕೊಂಡು ಕೂಡೂದಿಲ್ಲ! ಕರಿಯಾಕ ನಮ್ಮಪ್ಪ ಬರತಾನ."

"ನಿಮ್ಮಪ್ಪ?"

"ಹೂಂ, ನಿಜಗುಣಪ್ಪ. ಒಬ್ಬ ತಂಗಿ ಇರಲಿಲ್ಲಂತ ಹಬ್ಬಕ್ಕೊಮ್ಮೆ ಹಲಬತಾನ. ನಿಮ್ಮವ್ವಗ ಅಣ್ಣ ಆಗತಾನ. ಸೀರಿ ಉಡಸತಾನ. ಅಕಿಗೂ ಒಂದು ತವರು ಆತು!"

"ಅವರನ್ನ ಕೇಳೇ ಇಲ್ಲಲ್ರಿ ನೀವು..."

"ನಾ ಹೇಳಿದ್ರ ಒಲ್ಲೆ ಅನ್ನೂ ಅಪ್ಪ ಅಲ್ಲ ಅವಾ!"

ಕಲ್ಮೇಶ ಬೆರಳು ಮಡಿಚಿ ಮಡಿಚಿ ಏನೋ ಲೆಕ್ಕ ಹಾಕಿದ. ಅವನ ಕಿವಿ ಕೆಂಪಾಯಿತು.

"ಹಂಗಾದ್ರ... ನಮ್ಮವ್ವ ನಿಮಗ ಏನಾದ್ಲರಿ?"

"ಅತ್ತಿ."

"ಮತ್ತ... ನಾ?"

"ಇದನ್ನೂ ನಾನ ಹೇಳಬೇಕೇನ್ರಿ?" ಅವಳು ಮುಖ ತಿರುಗಿಸಿದಳು. "ಅತ್ತಿ ಮಗ!"

ಅತ್ತೆಯ ಮಗ ಎಂದರೆ ಏನೆಂದು ಈ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಲ್ಮೇಶನಿಗೆ ಮಾತ್ರ ಧೈರ್ಯ ಸಾಲಲಿಲ್ಲ.

"ಶಿವಾನಿ... ಇದೂ ಚಾಷ್ಟಿ ಅಲ್ಲ, ಹೌದಲ್ರಿ? ಹೋದ ಸಲ ನಂಬಿ ಕೆಟ್ಟೇನಿ."

ಅವಳು ಥಟ್ಟನೆ ಅವನತ್ತ ತಿರುಗಿದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಚಾಷ್ಟಿ ಮಾಡುವಾಗ ಯಾರರ ಹಿಂಗ ಅಳತಾರೇನ್ರಿ?!"